ನೇತ್ರವೈದ್ಯ ಶಿಕ್ಷಣದಲ್ಲಿ ವಿಡಿಯೊ ಕಲಿಕೆ

ಕಣ್ಣಿನ ರಚನೆ, ಕಾಯಿಲೆ, ತಪಾಸಣೆ ಮತ್ತು ಶಸ್ತ್ರಚಿಕಿತ್ಸೆಯನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ವಿಡಿಯೊ ಮೂಲಕ ಕಲಿಸುವ ಪದ್ಧತಿ. ಚಿತ್ರೀಕರಿಸಿದ ಕಿರುಪಾಠ, ಶಸ್ತ್ರಚಿಕಿತ್ಸೆಯ ನೇರಪ್ರಸಾರ, ಮೊಬೈಲ್ ಫೋನಿನಲ್ಲಿ ಸೆರೆಹಿಡಿದ ಕಣ್ಣಿನ ಒಳನೋಟ, ಮೊದಲೇ ವಿಡಿಯೊ ನೋಡಿ ಬಂದು ತರಗತಿಯಲ್ಲಿ ಚರ್ಚಿಸುವ ಕ್ರಮ ಇವೆಲ್ಲ ಇದರಲ್ಲಿ ಸೇರುತ್ತವೆ. ವೈದ್ಯಕೀಯದ ಬೇರೆ ವಿಭಾಗಗಳಿಗಿಂತ ನೇತ್ರಶಾಸ್ತ್ರಕ್ಕೆ ಈ ಪದ್ಧತಿ ಹೆಚ್ಚು ಒಗ್ಗಿದೆ. ಕಣ್ಣಿನ ಬಹುತೇಕ ರೋಗಗಳು ನೋಟಕ್ಕೆ ಸಿಗುವಂಥವು. ಆದರೆ ಆ ನೋಟ ಉಪಕರಣದ ಹಿಂದಿರುವ ಒಬ್ಬರಿಗೆ ಮಾತ್ರ ದಕ್ಕುತ್ತದೆ. ಒಬ್ಬರು ಕಂಡದ್ದನ್ನು ಹಲವರಿಗೆ ಕಾಣಿಸುವುದೇ ವಿಡಿಯೊದ ಮುಖ್ಯ ಉಪಯೋಗ. ವೈದ್ಯಕೀಯ ಕಾಲೇಜಿಲ್ಲದ, ನೇತ್ರತಜ್ಞರು ವಿರಳವಾಗಿರುವ ಪ್ರದೇಶಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಇದಕ್ಕೆ ತಕ್ಕ ಉದಾಹರಣೆ.

ಕಣ್ಣು ಮತ್ತು ವಿಡಿಯೊ

ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪ್ ಅನ್ನು ಜಗತ್ತಿಗೆ ಪರಿಚಯಿಸಿದ. ಜೀವಂತ ಮನುಷ್ಯನ ಕಣ್ಣಿನ ಒಳಪರದೆಯಾದ ರೆಟಿನಾ, ಅದರ ರಕ್ತನಾಳಗಳು ಮತ್ತು ದೃಷ್ಟಿನರದ ತುದಿ ಅಂದಿನಿಂದ ವೈದ್ಯರ ನೋಟಕ್ಕೆ ಸಿಕ್ಕವು. ಕೈಯಲ್ಲಿ ಹಿಡಿದು ಬಳಸುವ ನೇರ ಆಫ್ತಾಲ್ಮೋಸ್ಕೋಪ್ ರೆಟಿನಾವನ್ನು ಸುಮಾರು 15 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಆದರೆ ಒಂದು ಸಲಕ್ಕೆ ಕಾಣುವ ಭಾಗ ತೀರ ಚಿಕ್ಕದು. ನೋಡುವವರು ಒಬ್ಬರೇ, ಅದೂ ಒಂದೇ ಕಣ್ಣಿನಿಂದ. ವಿದ್ಯಾರ್ಥಿ ನಿಜವಾಗಿ ಏನು ನೋಡಿದ ಎಂದು ಪಕ್ಕದಲ್ಲಿ ನಿಂತ ಗುರುವಿಗೆ ತಿಳಿಯುವುದಿಲ್ಲ. ಗುರು ಕಂಡದ್ದು ಎಲ್ಲಿದೆ ಎಂದು ವಿದ್ಯಾರ್ಥಿಗೂ ಗೊತ್ತಾಗುವುದಿಲ್ಲ. ಸಂಕೋಚದಿಂದ ‘ಕಂಡಿತು’ ಎಂದು ತಲೆಯಾಡಿಸಿ ಮುಂದೆ ಹೋಗುವವರು ಎಲ್ಲ ಕಾಲೇಜುಗಳಲ್ಲೂ ಇರುತ್ತಾರೆ. ಉಪಕರಣಕ್ಕೆ ಕ್ಯಾಮೆರಾ ಜೋಡಿಸಿದರೆ ಇಬ್ಬರೂ ಒಂದೇ ಚಿತ್ರ ನೋಡುತ್ತಾರೆ. ತಪ್ಪು ಅಲ್ಲಿಯೇ ಗೊತ್ತಾಗುತ್ತದೆ, ಅಲ್ಲಿಯೇ ತಿದ್ದಬಹುದು.

ಸ್ಥಿರ ಚಿತ್ರದಲ್ಲಿ ಹಿಡಿಯಲಾಗದ ಲಕ್ಷಣಗಳೂ ಕಣ್ಣಿನಲ್ಲಿ ಬಹಳ. ಟಾರ್ಚಿನ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋದಾಗ, ದೃಷ್ಟಿನರ ಕೆಟ್ಟ ಕಡೆಯ ಪಾಪೆ ಕಿರಿದಾಗುವ ಬದಲು ಅಗಲವಾಗುತ್ತದೆ. ನೇರವಾಗಿ ನೋಡುವ ಕಣ್ಣನ್ನು ಮುಚ್ಚಿದಾಗ ಮೆಳ್ಳೆಗಣ್ಣು ಸರಿದು ನೇರವಾಗುತ್ತದೆ. ಕಣ್ಣುಗುಡ್ಡೆ ತನ್ನಿಂದ ತಾನೇ ಅತ್ತಿತ್ತ ಅದುರುವುದು, ನರ ಸೋತಾಗ ಒಂದು ದಿಕ್ಕಿಗೆ ಹೊರಳದೆ ನಿಲ್ಲುವುದು ಕೂಡ ಚಲನೆಯ ಲಕ್ಷಣಗಳೇ. ಪಠ್ಯಪುಸ್ತಕದಲ್ಲಿ ಒಂದು ಪುಟ ತೆಗೆದುಕೊಳ್ಳುವ ವಿವರಣೆಯನ್ನು ಅರ್ಧ ನಿಮಿಷದ ವಿಡಿಯೊ ಸ್ಪಷ್ಟವಾಗಿ ಮುಟ್ಟಿಸುತ್ತದೆ. ವಿದ್ಯಾರ್ಥಿ ಅದನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ನಿಧಾನಗೊಳಿಸಿ ಮತ್ತೆ ಮತ್ತೆ ನೋಡಬಹುದು. ರೋಗಿಯನ್ನು ಅಷ್ಟು ಸಲ ಪರೀಕ್ಷೆಗೆ ಒಡ್ಡುವುದು ನ್ಯಾಯವಲ್ಲ.

ಬೆಳವಣಿಗೆ

ಶಸ್ತ್ರಚಿಕಿತ್ಸೆಯನ್ನು ಚಿತ್ರೀಕರಿಸಿ ಕಲಿಸುವ ಯತ್ನ ಸಿನಿಮಾದಷ್ಟೇ ಹಳೆಯದು. ಫ್ರಾನ್ಸಿನ ಶಸ್ತ್ರವೈದ್ಯ ಯೂಜೀನ್ ಡೊಯೆನ್ 1898ರಲ್ಲೇ ತನ್ನ ಶಸ್ತ್ರಚಿಕಿತ್ಸೆಗಳನ್ನು ಚಿತ್ರೀಕರಿಸಿದ್ದ. ನೇತ್ರಶಾಸ್ತ್ರದಲ್ಲಿ ಈ ಕೆಲಸಕ್ಕೆ ವೇಗ ಬಂದದ್ದು ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕ ಬಂದ ಮೇಲೆ. ಸೂಕ್ಷ್ಮದರ್ಶಕದ ಬೆಳಕಿನ ಒಂದು ಪಾಲನ್ನು ಕ್ಯಾಮೆರಾದತ್ತ ತಿರುಗಿಸಿದಾಗ, ಶಸ್ತ್ರವೈದ್ಯರು ಕಾಣುವುದೇ ಪಕ್ಕದ ಕೋಣೆಯ ಪರದೆಯ ಮೇಲೂ ಮೂಡಿತು. ಆರ್ಬಿಸ್ ಸಂಸ್ಥೆ 1982ರಲ್ಲಿ ವಿಮಾನದೊಳಗೆ ಕಣ್ಣಾಸ್ಪತ್ರೆಯನ್ನೇ ಕಟ್ಟಿ ದೇಶದಿಂದ ದೇಶಕ್ಕೆ ಹಾರಿಸಿತು. ಅಲ್ಲಿನ ಶಸ್ತ್ರಚಿಕಿತ್ಸೆಯನ್ನು ಅದೇ ವಿಮಾನದ ತರಗತಿಯಲ್ಲಿ ಕುಳಿತವರು ಪರದೆಯ ಮೇಲೆ ನೋಡಿ ಪ್ರಶ್ನೆ ಕೇಳುತ್ತಿದ್ದರು. ಅದೇ ಸಂಸ್ಥೆಯ ‘ಸೈಬರ್‌ಸೈಟ್’ 2003ರಿಂದ ಅಂತರ್ಜಾಲದ ಮೂಲಕ ಪಾಠ ಮತ್ತು ಸಲಹೆ ನೀಡುತ್ತಿದೆ.

ಭಾರತದಲ್ಲಿ ಇಸ್ರೊ 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆ ಯೋಜನೆಯ ಆರಂಭಿಕ ಪ್ರಯೋಗಗಳಲ್ಲಿ ಪಾಲುಗೊಂಡು, ಒಂದು ಸ್ಟುಡಿಯೊದ ಪಾಠವನ್ನು ಹಲವು ಊರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ತಲುಪಿಸಿತು. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆ 2017ರಲ್ಲಿ ಬಂತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಕಾಲೇಜುಗಳು ಮುಚ್ಚಿದಾಗ, ಅದುವರೆಗೆ ಪೂರಕವಾಗಿದ್ದ ವಿಡಿಯೊ ಪಾಠ ಕೆಲವು ತಿಂಗಳ ಮಟ್ಟಿಗೆ ಏಕೈಕ ಪಾಠವಾಯಿತು. ಉಪನ್ಯಾಸವನ್ನು ಪರದೆಗೆ ದಾಟಿಸುವುದು ಸುಲಭ, ರೋಗಿಯ ಬಳಿ ನಿಂತು ಕಲಿಯುವುದನ್ನು ದಾಟಿಸಲಾಗದು ಎಂಬ ಪಾಠವನ್ನೂ ಆ ಕಾಲ ಕಲಿಸಿತು. ಇಂದು ಎಂಬಿಬಿಎಸ್ ವಿದ್ಯಾರ್ಥಿಗಳು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗಾಗಿ ಮ್ಯಾರೊ, ಪ್ರೆಪ್‌ಲ್ಯಾಡರ್‌ನಂಥ ಆ್ಯಪ್‌ಗಳಲ್ಲಿ ವಿಡಿಯೊ ಪಾಠ ನೋಡುವುದು ಸಾಮಾನ್ಯ.

ಸಾಧನಗಳ ಬಗೆಗಳು

ತಪಾಸಣಾ ಕೌಶಲದ ಕಿರುಪಾಠ: 6 ಮೀಟರ್ ದೂರದಿಂದ ಸ್ನೆಲೆನ್ ಫಲಕ ಓದಿಸಿ ದೃಷ್ಟಿ ಅಳೆಯುವುದು, ಪಾಪೆಯ ಪರೀಕ್ಷೆ, ಮೇಲಿನ ರೆಪ್ಪೆಯನ್ನು ಮಗುಚಿ ನೋಡುವುದು, ಬೆರಳಿನಿಂದ ಕಣ್ಣಿನ ಒತ್ತಡ ಅಂದಾಜಿಸುವುದು, ಕಣ್ಣಿಗೆ ಸರಿಯಾಗಿ ಹನಿ ಹಾಕುವುದು ಇವುಗಳಿಗೆ ತಕ್ಕದ್ದು. ಒಂದು ವಿಡಿಯೊದಲ್ಲಿ ಒಂದೇ ಕೌಶಲ ಇರಬೇಕು.

ರೋಗಲಕ್ಷಣಗಳ ಸಂಗ್ರಹ: ವರ್ಷಕ್ಕೊಮ್ಮೆ ಬರುವ ಅಪರೂಪದ ಕಾಯಿಲೆಯನ್ನು ಮುಂದಿನ ಎಲ್ಲ ತಂಡಗಳಿಗೂ ಉಳಿಸಿಕೊಡುತ್ತದೆ. ಸ್ಲಿಟ್ ಲ್ಯಾಂಪಿನ ಕಿರಿದಾದ ಬೆಳಕಿನ ಸೀಳಿನಲ್ಲಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದ ಹುಣ್ಣಿನ ಆಳ, ಕಣ್ಣಿನ ಮುಂಗೋಣೆಯಲ್ಲಿ ತಳಕಟ್ಟಿದ ಕೀವು, ಮಸೂರದ ಪೊರೆಯ ಬಗೆ ಇವೆಲ್ಲ ಚಲಿಸುವ ಬೆಳಕಿನಲ್ಲೇ ಚೆನ್ನಾಗಿ ತಿಳಿಯುತ್ತವೆ. ಈ ಉಪಕರಣವನ್ನು 1911ರಲ್ಲಿ ರೂಪಿಸಿದವನು ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್. ಕಣ್ಣಿನಲ್ಲಿ ಬೆಳಕು ಬಾಗುವ ಬಗೆಯ ಅಧ್ಯಯನಕ್ಕೆ ಅವನಿಗೆ ಅದೇ ವರ್ಷ ನೊಬೆಲ್ ಪ್ರಶಸ್ತಿ ಬಂತು.

ಶಸ್ತ್ರಚಿಕಿತ್ಸೆಯ ವಿಡಿಯೊ: ಭಾರತದಲ್ಲಿ ವ್ಯಾಪಕವಾಗಿ ನಡೆಯುವ, ಹೊಲಿಗೆ ಬೇಡದ ಸಣ್ಣ ಸೀಳಿನ ಪೊರೆ ಶಸ್ತ್ರಚಿಕಿತ್ಸೆಯನ್ನು ಹಂತಹಂತವಾಗಿ ಬಿಡಿಸಿ ತೋರಿಸಬಹುದು: ಬಿಳಿಗುಡ್ಡೆಯಲ್ಲಿ ಸುರಂಗ ಕೊರೆಯುವುದು, ಮಸೂರದ ಚೀಲವನ್ನು ದುಂಡಗೆ ತೆರೆಯುವುದು, ಗಟ್ಟಿ ತಿರುಳನ್ನು ಹೊರತರುವುದು, ಕೃತಕ ಮಸೂರ ಕೂರಿಸುವುದು. ಎಂಬಿಬಿಎಸ್ ವಿದ್ಯಾರ್ಥಿ ಇದನ್ನು ಮಾಡಬೇಕಾಗಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಅಂಜುವ ಹಿರಿಯರಿಗೆ ಧೈರ್ಯ ಹೇಳಬೇಕಾದವರು ಅದೇನೆಂದು ಕಂಡಿರಬೇಕು.

ಫೋನ್ ಆಧಾರಿತ ಸಾಧನ: ಫೋನಿನ ಫ್ಲ್ಯಾಶ್ ಬೆಳಕು ಮತ್ತು 20 ಡಯಾಪ್ಟರಿನ ಕೈಮಸೂರ ಇದ್ದರೆ, ಪಾಪೆ ಹಿಗ್ಗಿಸಿದ ಕಣ್ಣಿನ ರೆಟಿನಾವನ್ನು ವಿಡಿಯೊದಲ್ಲಿ ಹಿಡಿಯಬಹುದು. ಚಿತ್ರ ತಲೆಕೆಳಗಾಗಿರುತ್ತದೆ ಎಂಬುದನ್ನು ನೆನಪಿಡಬೇಕು. ಬೆಂಗಳೂರಿನ ರೆಮಿಡಿಯೊ ಕಂಪನಿ ಫೋನಿಗೆ ಜೋಡಿಸುವ ಫಂಡಸ್ (ಕಣ್ಣಿನ ಒಳಭಾಗದ) ಕ್ಯಾಮೆರಾವನ್ನೂ, ಅಲ್ಲಿನದೇ ಫೋರಸ್ ಹೆಲ್ತ್ ‘ತ್ರಿನೇತ್ರ’ ಹೆಸರಿನ ಸುಲಭ ಬೆಲೆಯ ರೆಟಿನಾ ಕ್ಯಾಮೆರಾವನ್ನೂ ತಯಾರಿಸಿವೆ.

ಕಲಿಕೆಯ ತತ್ವ

ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯಕೀಯ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದ: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜ ಕೆಲಸದಲ್ಲಿ ಮಾಡುವುದು. ವಿಡಿಯೊ ಮೊದಲ ಎರಡು ಮೆಟ್ಟಿಲನ್ನು ಚೆನ್ನಾಗಿ ಹತ್ತಿಸುತ್ತದೆ. ಮೂರನೆಯದಕ್ಕೆ ಗುರು ಬೇಕು, ನಾಲ್ಕನೆಯದಕ್ಕೆ ರೋಗಿ ಬೇಕು. ಈ ಎಲ್ಲೆಯನ್ನು ಮರೆತಲ್ಲಿ ಪದ್ಧತಿ ಸೋಲುತ್ತದೆ.

ವಿಡಿಯೊದ ಉದ್ದವೂ ಮುಖ್ಯ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಪಾಠಗಳನ್ನು ವಿದ್ಯಾರ್ಥಿಗಳು ನೋಡಿದ ಬಗೆಯನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, 6 ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳೇ ಗಮನವನ್ನು ಹೆಚ್ಚು ಹಿಡಿದಿಡುತ್ತವೆ ಎಂದು ಕಂಡುಕೊಂಡಿತು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವ ಅಭ್ಯಾಸವೇ ಹೆಚ್ಚು ಕಾಲ ನಿಲ್ಲುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಆದ್ದರಿಂದ ವಿಡಿಯೊವನ್ನು ನಡುವೆ ನಿಲ್ಲಿಸಿ ‘ಈ ಪಾಪೆಯಲ್ಲಿ ಏನು ತಪ್ಪಿದೆ?’ ಎಂದು ಕೇಳುವ ಪಾಠ, ಸುಮ್ಮನೆ ಓಡುವ ಪಾಠಕ್ಕಿಂತ ಮೇಲು.

ಕರ್ನಾಟಕದ ಹಿನ್ನೆಲೆ

ಕರ್ನಾಟಕದಲ್ಲಿ ನೇತ್ರವೈದ್ಯ ಶಿಕ್ಷಣದ ಬೇರು ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿದೆ. 1896ರಲ್ಲಿ ಚಿಕ್ಕ ಚಿಕಿತ್ಸಾಲಯವಾಗಿ ಆರಂಭವಾದ ಇದು 1913ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಮುಂದೆ ಬೆಂಗಳೂರು ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಾಯಿತು. ಹಳ್ಳಿಹಳ್ಳಿಗೆ ಕಣ್ಣಿನ ಶಿಬಿರ ಕೊಂಡೊಯ್ದವರು ಬೀಳಗಿ ಮೂಲದ ಡಾ. ಎಂ.ಸಿ. ಮೋದಿ. 1968ರಲ್ಲಿ ಅವರು ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ನಡೆಸಿದ್ದು ದಾಖಲೆಯಾಗಿದೆ. ತಜ್ಞರು ಜನರಿದ್ದಲ್ಲಿಗೆ ಹೋಗಬೇಕು ಎಂಬ ಆ ಕಾಲದ ನಿಲುವಿನ ಮುಂದಿನ ರೂಪವಾಗಿ, ಕಣ್ಣಿನ ಚಿತ್ರವೇ ತಜ್ಞರಿದ್ದಲ್ಲಿಗೆ ಪಯಣಿಸುವ ಕ್ರಮ ಬಂತು.

ಅದರ ಹೆಸರಾಂತ ಉದಾಹರಣೆ ‘ಕಿಡ್‌ರಾಪ್’. ಡಾ. ಕೆ. ಭುಜಂಗ ಶೆಟ್ಟಿ ಕಟ್ಟಿದ ನಾರಾಯಣ ನೇತ್ರಾಲಯ 2008ರಲ್ಲಿ ಡಾ. ಆನಂದ ವಿನೇಕರ್ ಅವರ ನೇತೃತ್ವದಲ್ಲಿ ಇದನ್ನು ಆರಂಭಿಸಿತು. ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡು ತರುವ ಕಾಯಿಲೆಯನ್ನು ಇದು ಪತ್ತೆಹಚ್ಚುತ್ತದೆ. ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಕ್ಯಾಮೆರಾದಲ್ಲಿ ಕಣ್ಣಿನ ಒಳಭಾಗವನ್ನು ಸೆರೆಹಿಡಿಯುತ್ತಾರೆ. ತಜ್ಞರು ದೂರದಿಂದಲೇ ಫೋನಿನಲ್ಲಿ ನೋಡಿ ತೀರ್ಮಾನ ಹೇಳುತ್ತಾರೆ. ವೈದ್ಯರಲ್ಲದವರೂ ಒಳ್ಳೆಯ ತರಬೇತಿಯಿಂದ ನಂಬಲರ್ಹ ಚಿತ್ರ ತೆಗೆಯಬಲ್ಲರು ಎಂದು ತೋರಿಸಿದ್ದು ಈ ಯೋಜನೆಯ ದೊಡ್ಡ ಕೊಡುಗೆ. ಆರೈಕೆಗಾಗಿ ತೆಗೆದ ಚಿತ್ರಗಳೇ ಪಾಠಕ್ಕೂ ಸಾಮಗ್ರಿಯಾಗಬಲ್ಲವು.

ಕಣ್ಣಿನ ರಚನೆಯನ್ನು ಜನಸಾಮಾನ್ಯರಿಗೂ ಮುಟ್ಟಿಸಿದ ಘಟನೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರು ದಾನ ಮಾಡಿದ ಎರಡು ಕಾರ್ನಿಯಾಗಳನ್ನು ನಾರಾಯಣ ನೇತ್ರಾಲಯದ ವೈದ್ಯರು ಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಮುಂಪದರ ಕೆಟ್ಟವರಿಗೆ ಮುಂಪದರ, ಒಳಪದರ ಕೆಟ್ಟವರಿಗೆ ಒಳಪದರ. ಅರ್ಧ ಮಿಲಿಮೀಟರಿನಷ್ಟು ದಪ್ಪದ ಪಾರದರ್ಶಕ ಹಾಳೆಯನ್ನು ಹೀಗೆ ಎರಡಾಗಿ ಬಿಡಿಸುವುದು ಮಾತಿನಲ್ಲಿ ನಂಬಿಕೆ ಬಾರದ ಸಂಗತಿ. ವಿಡಿಯೊದಲ್ಲಿ ಕಂಡ ವಿದ್ಯಾರ್ಥಿ ಕಾರ್ನಿಯಾದ ಪದರಗಳನ್ನು ಮರೆಯಲಾರ.

ಭಟ್ಕಳ, ಹೊನ್ನಾವರ, ಕುಮಟಾ

ಘಟ್ಟ ಮತ್ತು ಕಡಲಿನ ನಡುವಿನ ಈ ಮೂರು ತಾಲ್ಲೂಕುಗಳನ್ನು ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು ಮಾರ್ಗ ಪೋಣಿಸುತ್ತವೆ. ಮೂರರಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ, ವೈದ್ಯಕೀಯ ಕಾಲೇಜು ಇಲ್ಲ. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ಕಾರವಾರದಲ್ಲಿದೆ. ಹೆಚ್ಚಿನ ಚಿಕಿತ್ಸೆಗೂ ವೈದ್ಯಕೀಯ ಓದಿಗೂ ಇಲ್ಲಿನವರು ಕಾರವಾರ, ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನತ್ತ ಹೋಗುತ್ತಾರೆ. ಜಿಲ್ಲೆಗೆ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದಲೂ ಇದೆ. ಮಳೆಗಾಲದಲ್ಲಿ ಹೊರಹೋಗುವ ದಾರಿಯೂ ಭರವಸೆಯದಲ್ಲ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಕುಮಟಾ–ಕಾರವಾರ ನಡುವಿನ ಹೆದ್ದಾರಿ ಹಲವು ದಿನ ಬಂದ್ ಆಯಿತು. ತಜ್ಞರ ಸಲಹೆ ಮತ್ತು ಪಾಠ ಎರಡೂ ರಸ್ತೆಯೊಂದನ್ನೇ ನಂಬಿ ಕೂರಬಾರದು ಎನ್ನುವುದಕ್ಕೆ ಇಲ್ಲಿ ಬೇರೆ ಸಾಕ್ಷಿ ಬೇಡ.

ಈ ನಾಡಿನ ಕಣ್ಣಿನ ತೊಂದರೆಗಳು ಇಲ್ಲಿನ ದುಡಿಮೆಯೊಂದಿಗೆ ಬೆಸೆದುಕೊಂಡಿವೆ. ಇಲ್ಲಿಗೆ ಬೇಕಾದ ವಿಡಿಯೊ ಪಾಠಗಳ ವಿಷಯವೂ ಅದರಿಂದಲೇ ಹುಟ್ಟುತ್ತದೆ.

ಬೆಳೆಯ ಗಾಯ: ಭತ್ತದ ಕೊಯ್ಲು, ಒಕ್ಕಣೆ, ತೆಂಗು–ಅಡಿಕೆ ತೋಟದ ಕೆಲಸದಲ್ಲಿ ಎಲೆ, ಹೊಟ್ಟು, ಸಿಬಿರು ತಾಗಿ ಕಾರ್ನಿಯಾ ತರಚುತ್ತದೆ. ಅದರ ಬೆನ್ನಿಗೆ ಶಿಲೀಂಧ್ರದ ಸೋಂಕು ಬರಬಹುದು. ಗರಿಯಂತೆ ಹರಡಿದ ಅಂಚು, ಸುತ್ತ ಚುಕ್ಕಿಗಳಂಥ ಮರಿಹುಣ್ಣು, ತಳದಲ್ಲಿ ಕೀವು ಇದರ ಗುರುತು. ಸ್ಟಿರಾಯ್ಡ್ ಹನಿ ಹಾಕಿದರೆ ಹುಣ್ಣು ಉಲ್ಬಣಿಸುತ್ತದೆ. ಗಿಡಮೂಲಿಕೆಯ ರಸ, ಎದೆಹಾಲು ಹಿಂಡುವ ರೂಢಿಯಿಂದಲೂ ಅಪಾಯವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೊದಲ ದಿನವೇ ಇದನ್ನು ಗುರುತಿಸಿ ಮುಂದಕ್ಕೆ ಕಳಿಸಿದರೆ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚು.

ಸುಣ್ಣದ ಸುಡುವಿಕೆ: ಕವಳಕ್ಕೆ (ಎಲೆ–ಅಡಿಕೆಗೆ) ಬಳಸುವ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದರೆ ಕ್ಷಾರ ಒಳಕ್ಕಿಳಿಯುತ್ತಾ ಹೋಗುತ್ತದೆ. ತಡಮಾಡದೆ ಶುದ್ಧ ನೀರಿನಿಂದ ಕನಿಷ್ಠ 15ರಿಂದ 30 ನಿಮಿಷ ತೊಳೆಯಬೇಕು, ರೆಪ್ಪೆ ಮಗುಚಿ ಒಳಗೆ ಕೂತ ಕಣಗಳನ್ನು ತೆಗೆಯಬೇಕು, ಆಮೇಲೆ ತಜ್ಞರಲ್ಲಿಗೆ ಕಳಿಸಬೇಕು. ಮೂರು ನಿಮಿಷದ ವಿಡಿಯೊ ವಿದ್ಯಾರ್ಥಿಗೂ ಶುಶ್ರೂಷಕಿಗೂ ಮನೆಯವರಿಗೂ ಸಮಾನವಾಗಿ ಉಪಯುಕ್ತವಾಗುವ ವಿಷಯವಿದು.

ಬಿಸಿಲು ಮತ್ತು ಉಪ್ಪುಗಾಳಿ: ದೋಣಿಯ ಮೇಲೆ, ಅಘನಾಶಿನಿ ಮತ್ತು ಶರಾವತಿಯ ಅಳಿವೆಗಳಲ್ಲಿ, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ದುಡಿಯುವವರ ಕಣ್ಣಿಗೆ ನೆತ್ತಿಯ ಬಿಸಿಲೂ ನೀರಿನಿಂದ ಪ್ರತಿಫಲಿಸುವ ಬೆಳಕೂ ಬೀಳುತ್ತವೆ. ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ರೆಕ್ಕೆಯಾಕಾರದಲ್ಲಿ ಮಾಂಸಲ ಪೊರೆ ಬೆಳೆಯುವುದಕ್ಕೆ ನೇರಳಾತೀತ ಕಿರಣ ಮುಖ್ಯ ಕಾರಣ.

ಮಂಗನ ಕಾಯಿಲೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ಈ ಜ್ವರ ಉತ್ತರ ಕನ್ನಡದ ಘಟ್ಟದಂಚಿನ ಊರುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಜ್ವರ, ತಲೆನೋವಿನ ಜೊತೆಗೆ ಕಣ್ಣು ಕೆಂಪಾಗುವುದು ಅದರ ಲಕ್ಷಣಗಳಲ್ಲೊಂದು. ಕೀವಿಲ್ಲದ ಕೆಂಗಣ್ಣನ್ನು ಸಾಮಾನ್ಯ ಕಣ್ಣುಬೇನೆ ಎಂದು ತಳ್ಳಿಹಾಕದೆ, ಕಾಡಿಗೆ ಹೋಗಿದ್ದರೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂದು ಕೇಳಲು ಇಲ್ಲಿನ ವಿದ್ಯಾರ್ಥಿ ಕಲಿಯಬೇಕು.

ಇವುಗಳ ಜೊತೆಗೆ ಎಲ್ಲೆಡೆ ಇರುವ ಪೊರೆ, ದೃಷ್ಟಿನರವನ್ನು ಕೆಡಿಸುವ ಗ್ಲಾಕೋಮಾ, ಸಕ್ಕರೆ ಕಾಯಿಲೆಯ ರೆಟಿನಾ ತೊಂದರೆ, ಕನ್ನಡಕ ಬೇಕಾಗುವ ದೃಷ್ಟಿದೋಷ ಇಲ್ಲಿಯೂ ಇವೆ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 50 ವರ್ಷ ದಾಟಿದವರ ಕುರುಡಿಗೆ ಶೇ. 66.2ರಷ್ಟು ಕಾರಣ ಪೊರೆ. ಅದು ಗುಣವಾಗುವ ಕುರುಡು.

ಭಾಷೆಯೂ ಇಲ್ಲಿನ ಪಾಠದ ಭಾಗ. ಎಂಬಿಬಿಎಸ್ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ರೋಗಿ ಮಾತಾಡುವುದು ಕನ್ನಡದ ಹವ್ಯಕ, ಹಾಲಕ್ಕಿ ನುಡಿಗಳಲ್ಲಿ, ಕೊಂಕಣಿಯಲ್ಲಿ, ಭಟ್ಕಳದ ನವಾಯತಿಯಲ್ಲಿ. ‘ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ’ ಎಂದು ಅಜ್ಜಿಯೊಬ್ಬರು ಹೇಳಿದರೆ ಅದು ಗ್ಲಾಕೋಮಾದ ಮುನ್ಸೂಚನೆ ಇರಬಹುದು. ಇಂಥ ಮಾತುಕತೆಯನ್ನೇ ಅಭಿನಯಿಸಿ ಚಿತ್ರೀಕರಿಸಿದ ಪಾಠ ಹೊರಗಿನಿಂದ ಬಂದ ವಿದ್ಯಾರ್ಥಿಗೂ ಊರಿನ ಕಿವಿ ಕೊಡುತ್ತದೆ.

ಪಠ್ಯಕ್ರಮದಲ್ಲಿ ಸ್ಥಾನ

2019ರಲ್ಲಿ ಎಂಬಿಬಿಎಸ್‌ಗೆ ಪ್ರವೇಶ ಪಡೆದ ತಂಡದಿಂದ ಭಾರತದಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಯಾಯಿತು. ಉಪನ್ಯಾಸ ಒಟ್ಟು ಸಮಯದ ಮೂರನೇ ಒಂದು ಭಾಗ ಮೀರಬಾರದು ಎಂದು ಅದು ಹೇಳಿತು. ನೋಡಿ, ನೆರವಾಗಿ, ತಾನೇ ಮಾಡಿ ಕಲಿಯುವ ಕ್ರಮಕ್ಕೆ ಒತ್ತು ಕೊಟ್ಟಿತು. ಕಣ್ಣಿನ ವಿಭಾಗದಲ್ಲಿ ವಿದ್ಯಾರ್ಥಿಗೆ ಸಿಗುವ ಪೋಸ್ಟಿಂಗ್ ಕೆಲವೇ ವಾರ, ಇಂಟರ್ನ್‌ಶಿಪ್‌ನಲ್ಲಿ ಸುಮಾರು ಎರಡು ವಾರ. ತಪಾಸಣೆಯ ಕ್ರಮವನ್ನು ಹಿಂದಿನ ರಾತ್ರಿ ವಿಡಿಯೊದಲ್ಲಿ ನೋಡಿ ಬಂದರೆ ಆ ಚಿಕ್ಕ ಅವಧಿಯನ್ನು ಪೂರ್ತಿ ರೋಗಿಯ ಬಳಿ ಕಳೆಯಬಹುದು. ಕರ್ನಾಟಕದಲ್ಲಿ 2012ರ ಕಾಯ್ದೆ ಓದು ಮುಗಿಸಿದ ವೈದ್ಯರಿಗೆ ಒಂದು ವರ್ಷದ ಗ್ರಾಮೀಣ ಸೇವೆಯ ವ್ಯವಸ್ಥೆ ತಂದಿತು. ಹಾಗೆ ಹಳ್ಳಿಯ ಕೇಂದ್ರಕ್ಕೆ ಬರುವ ಯುವ ವೈದ್ಯರಿಗೆ ಪಕ್ಕದಲ್ಲಿ ನೇತ್ರತಜ್ಞರು ಇರುವುದಿಲ್ಲ. ಫೋನಿನಲ್ಲಿ ಉಳಿಸಿಕೊಂಡ ಪಾಠ ಆಗಲೂ ನೆರವಿಗೆ ಬರುತ್ತದೆ.

ಮಿತಿಗಳು ಮತ್ತು ಹೊಣೆ

ನೋಡಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ನುರಿತವರ ಕೆಲಸವನ್ನು ಮತ್ತೆ ಮತ್ತೆ ನೋಡಿದವರಲ್ಲಿ ತಮಗೂ ಬರುತ್ತದೆಂಬ ಭ್ರಮೆ ಬೆಳೆಯಬಹುದು. ಪ್ರತಿ ವಿಡಿಯೊ ಪಾಠದ ಹಿಂದೆಯೇ ಮೇಲ್ವಿಚಾರಣೆಯಲ್ಲಿ ಮಾಡುವ ಅಭ್ಯಾಸ ಇರಬೇಕಾದ್ದು ಇದಕ್ಕಾಗಿ. ಅಂತರ್ಜಾಲದಲ್ಲಿ ತಪ್ಪು ವಿಧಾನದ ವಿಡಿಯೊಗಳೂ ಇವೆ. ವಿಭಾಗದ ಅಧ್ಯಾಪಕರು ನೋಡಿ ಒಪ್ಪಿದ್ದನ್ನೇ ಪಾಠಕ್ಕೆ ಬಳಸಬೇಕು. ಮಳೆಗಾಲದಲ್ಲಿ ವಿದ್ಯುತ್ತು, ಘಟ್ಟದಂಚಿನಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಚಿಕ್ಕ ಗಾತ್ರದ, ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಕಡತಗಳೇ ಈ ತಾಲ್ಲೂಕುಗಳಿಗೆ ತಕ್ಕವು.

ರೋಗಿಯ ಖಾಸಗಿತನ ಎಲ್ಲಕ್ಕಿಂತ ಮೇಲಿನ ಹೊಣೆ. ಭಟ್ಕಳ, ಕುಮಟಾದಂಥ ಊರುಗಳಲ್ಲಿ ಮುಖದ ಒಂದು ತುಣುಕು ಕಂಡರೂ ಯಾರ ಮನೆಯವರೆಂದು ತಿಳಿದುಹೋಗುತ್ತದೆ. ರೋಗಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದರೂ ಚಿಕಿತ್ಸೆಗೆ ಕುಂದಿಲ್ಲವೆಂದು ಮೊದಲೇ ಹೇಳಬೇಕು. ಕಣ್ಣಷ್ಟೇ ಕಾಣುವಂತೆ ಚಿತ್ರೀಕರಿಸಬೇಕು, ಹೆಸರು ಮತ್ತು ದನಿಯನ್ನು ತೆಗೆದುಹಾಕಬೇಕು, ರೋಗಿಯ ಮೂಲ ವಿಡಿಯೊವನ್ನು ವೈಯಕ್ತಿಕ ಫೋನಿನಲ್ಲಿ ಉಳಿಸಿಕೊಳ್ಳಬಾರದು, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿಯಬಿಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಒಪ್ಪಿಗೆಗೆ ಕಾನೂನಿನ ಬಲ ಕೊಟ್ಟಿದೆ.

ಮುಂದಿನ ದಾರಿ

ಈ ಪದ್ಧತಿ ಕರಾವಳಿ ತಾಲ್ಲೂಕುಗಳಲ್ಲಿ ಬೇರೂರಲು ದುಬಾರಿ ಯಂತ್ರಗಳಿಗಿಂತ ಒಳ್ಳೆಯ ಜೋಡಣೆ ಬೇಕು. ತಾಲ್ಲೂಕು ಆಸ್ಪತ್ರೆಗಳ ನೇತ್ರ ವಿಭಾಗ, ಕಾರವಾರದ ಕಾಲೇಜು ಮತ್ತು ಹುಬ್ಬಳ್ಳಿ, ಮಣಿಪಾಲದ ಬೋಧನಾ ಆಸ್ಪತ್ರೆಗಳು ಕೂಡಿ ಇಲ್ಲಿನ ಕಾಯಿಲೆಗಳ ಕಿರುವಿಡಿಯೊ ಸಂಗ್ರಹವೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಟ್ಟಬಹುದು. ಶಿಬಿರಗಳಲ್ಲಿ ಮತ್ತು ಆಶಾ ಕಾರ್ಯಕರ್ತೆಯರ ಮನೆಭೇಟಿಗಳಲ್ಲಿ ಪತ್ತೆಯಾಗುವ ತೊಂದರೆಗಳು ಅದಕ್ಕೆ ವಿಷಯ ಒದಗಿಸುತ್ತವೆ. ಪ್ರತಿ ಪಾಠಕ್ಕೂ ಒಬ್ಬ ಹೊಣೆಗಾರ ಅಧ್ಯಾಪಕರಿರಬೇಕು, ಕಲಿತದ್ದನ್ನು ರೋಗಿಯ ಬಳಿ ಪರೀಕ್ಷಿಸುವ ದಿನ ನಿಗದಿಯಾಗಿರಬೇಕು. ಎಷ್ಟು ಜನ ವಿಡಿಯೊ ನೋಡಿದರು ಎಂಬುದು ಇದರ ಅಳತೆಗೋಲಾಗಬಾರದು. ಕಾರ್ನಿಯಾದ ಹುಣ್ಣಾದವರು ಎಷ್ಟು ಬೇಗ ತಜ್ಞರನ್ನು ತಲುಪಿದರು, ಸುಣ್ಣ ಬಿದ್ದ ಕಣ್ಣಿಗೆ ಮನೆಯಲ್ಲೇ ನೀರು ಬಿತ್ತೇ, ಪೊರೆ ಬಂದ ಹಿರಿಯರು ಅಂಜಿಕೆ ಬಿಟ್ಟು ಶಸ್ತ್ರಚಿಕಿತ್ಸೆಗೆ ಒಪ್ಪಿದರೇ ಎಂಬುದರಿಂದಲೇ ನೇತ್ರವೈದ್ಯ ಶಿಕ್ಷಣದ ಯಶಸ್ಸನ್ನು ಅಳೆಯಬೇಕು.